ಐಕಾನ್ ಆಫ್ ದ ಸೀಸ್ ಹತ್ತೋಣವೋ, ಸೆಲೆಬ್ರಿಟಿ ಬಿಯಾಂಡ್ ಹತ್ತೋಣವೋ? ಕೆರಿಬಿಯನ್ ಕ್ರೂಸ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ನಾರ್ತ್ ಕೆರೊಲಿನಾದಲ್ಲಿರುವ ಕುಟುಂಬ. ಐಕಾನ್ ಹಡಗಿನಲ್ಲಿ ಮಕ್ಕಳನ್ನು ಕರೆದುಕೊಂಡು ಹೋದೆವು. ಹಾಸನದಿಂದ ಅತ್ತೆ ಮಾವ ಬಂದಿದ್ದಾಗ, ಅವರ ಮದುವೆಯ ಐವತ್ತನೇ ವರ್ಷಕ್ಕೆಂದು ಬಿಯಾಂಡ್‌ನಲ್ಲಿ ಹೋದೆವು. ಅಂದಿನಿಂದ ಕನ್ನಡ ಕೂಟದಲ್ಲಿ, ಮಕ್ಕಳ ಕನ್ನಡ ಶಾಲೆಯ ಬಾಗಿಲಲ್ಲಿ, ವಾಟ್ಸಾಪಿನಲ್ಲಿ ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಒಂದೇ ಕಡೆ ಬರೆದಿಟ್ಟರೆ ಅನುಕೂಲ ಅನ್ನಿಸಿತು.

ಎಷ್ಟೊಂದು ಹಡಗುಗಳಿವೆ. ಈ ಎರಡನ್ನೇ ಯಾಕೆ ಹೋಲಿಸುತ್ತೀರಿ?

ನಮ್ಮವರು ಹೆಚ್ಚಾಗಿ ತೂಗಿ ನೋಡುವುದು ಇವನ್ನೇ. ಎರಡೂ ರಾಯಲ್ ಕೆರಿಬಿಯನ್ ಗ್ರೂಪಿಗೆ ಸೇರಿದವು, ಎರಡೂ ಹೊಸವು, ಎರಡೂ ದಕ್ಷಿಣ ಫ್ಲಾರಿಡಾದಿಂದ ಹೊರಡುತ್ತವೆ. ಆದರೆ ಸ್ವಭಾವದಲ್ಲಿ ಒಂದು ಜಾತ್ರೆ, ಇನ್ನೊಂದು ಮದುವೆ ಮನೆಯ ಮಾರನೆಯ ದಿನದ ಮಧ್ಯಾಹ್ನ. ಜಾತ್ರೆ ಬೇಕಾದವರು ಎರಡನೆಯದಕ್ಕೆ ಹೋದರೆ ಬೇಸರ. ನೆಮ್ಮದಿ ಬೇಕಾದವರು ಮೊದಲನೆಯದಕ್ಕೆ ಹೋದರೆ ಸುಸ್ತು.

ಗಾತ್ರದಲ್ಲಿ ಎಷ್ಟು ವ್ಯತ್ಯಾಸ? ದೊಡ್ಡ ಹಡಗಿನಲ್ಲಿ ನೂಕುನುಗ್ಗಲು ಜಾಸ್ತಿಯಾ?

ಐಕಾನ್ ಅನ್ನು ಫಿನ್‌ಲ್ಯಾಂಡಿನ ಟುರ್ಕು ಹಡಗುಕಟ್ಟೆಯಲ್ಲಿ ಕಟ್ಟಿದರು. 2024ರ ಜನವರಿ 27ರಂದು ಮಯಾಮಿಯಿಂದ ಮೊದಲ ಯಾನ ಹೊರಟಿತು. ಉದ್ದ ಸುಮಾರು 365 ಮೀಟರ್, ಒಟ್ಟು 20 ಡೆಕ್ (ಮಹಡಿ), ಗ್ರಾಸ್ ಟನೇಜ್ 2,48,663. ಕ್ಯಾಬಿನ್‌ಗೆ ಇಬ್ಬರಂತೆ ಲೆಕ್ಕ ಹಾಕಿದರೆ 5,610 ಪ್ರಯಾಣಿಕರು, ಎಲ್ಲ ಹಾಸಿಗೆಯೂ ತುಂಬಿದರೆ 7,600. ಜೊತೆಗೆ ಸಿಬ್ಬಂದಿ 2,350.

ಬಿಯಾಂಡ್ ಫ್ರಾನ್ಸಿನ ಸೇಂಟ್ ನಜೇರ್‌ನಲ್ಲಿ ಕಟ್ಟಿದ ಹಡಗು, 2022ರ ಏಪ್ರಿಲ್‌ನಲ್ಲಿ ಮೊದಲ ಯಾನ ಹೊರಟಿತು. ಉದ್ದ 327 ಮೀಟರ್, ಗ್ರಾಸ್ ಟನೇಜ್ ಸುಮಾರು 1,40,600, ಇಬ್ಬರಂತೆ ಲೆಕ್ಕಕ್ಕೆ 3,260 ಪ್ರಯಾಣಿಕರು.

ಇಲ್ಲೊಂದು ಲೆಕ್ಕ ಮಾಡಿ ನೋಡಿ. ಟನೇಜ್ ಅಂದರೆ ತೂಕವಲ್ಲ, ಹಡಗಿನ ಒಳಗಿನ ಜಾಗದ ಅಳತೆ. ಅದನ್ನು ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿದರೆ ಐಕಾನ್‌ಗೆ ತಲೆಗೆ 44, ಬಿಯಾಂಡ್‌ಗೆ 43. ಅಂದರೆ ಒಬ್ಬೊಬ್ಬರಿಗೆ ಸಿಗುವ ಜಾಗ ಹೆಚ್ಚುಕಡಿಮೆ ಒಂದೇ. ದೊಡ್ಡದು ಇಕ್ಕಟ್ಟು ಅನ್ನುವ ಮಾತು ಹಾಗೇ ಒಪ್ಪಿಕೊಳ್ಳುವಂಥದ್ದಲ್ಲ.

ಆದರೆ ಕ್ರಿಸ್‌ಮಸ್ ರಜೆ, ಸ್ಪ್ರಿಂಗ್ ಬ್ರೇಕ್, ಬೇಸಿಗೆ ರಜೆಯಲ್ಲಿ ಐಕಾನ್‌ನ ಮೂರನೆಯ, ನಾಲ್ಕನೆಯ ಹಾಸಿಗೆಗಳಿಗೂ ಮಕ್ಕಳು ಬಂದು ಸೇರುತ್ತಾರೆ. ಆಗ ತಲೆಗೆ 33ರ ಹತ್ತಿರಕ್ಕೆ ಇಳಿಯುತ್ತದೆ. ಆ ವ್ಯತ್ಯಾಸ ಗೊತ್ತಾಗುವುದು ಬೆಳಗಿನ ತಿಂಡಿಯ ಹೊತ್ತಿನಲ್ಲಿ, ಲಿಫ್ಟಿನ ಮುಂದೆ, ಬಂದರಿನಲ್ಲಿ ಇಳಿಯುವಾಗ. ಬಿಯಾಂಡ್‌ನಲ್ಲಿ ಮಕ್ಕಳೇ ಕಡಿಮೆ, ಹಾಗಾಗಿ ಈ ಏರಿಳಿತ ಅಷ್ಟಿಲ್ಲ. ನಿಮ್ಮ ರಜೆ ಶಾಲೆಯ ರಜೆಗೇ ಗಂಟುಬಿದ್ದಿದ್ದರೆ ಇದನ್ನು ನೆನಪಿನಲ್ಲಿಡಿ.

ಮಕ್ಕಳಿದ್ದಾರೆ. ಯಾವುದು?

ಮೂರರಿಂದ ಹದಿನೈದರ ನಡುವಿನ ಮಕ್ಕಳಿದ್ದರೆ ಐಕಾನ್. ಇದರಲ್ಲಿ ನನಗೆ ಅನುಮಾನವಿಲ್ಲ.

ಆರು ನೀರಿನ ಜಾರುಬಂಡೆಗಳಿರುವ ವಾಟರ್ ಪಾರ್ಕ್, ಏಳು ಈಜುಕೊಳ, ಐಸ್ ಸ್ಕೇಟಿಂಗ್, ಬಂಡೆ ಹತ್ತುವ ಗೋಡೆ ಎಲ್ಲವೂ ಟಿಕೆಟ್ಟಿನಲ್ಲೇ ಬರುತ್ತವೆ. ಸರ್ಫ್‌ಸೈಡ್ ಅನ್ನುವ ಭಾಗವನ್ನಂತೂ ಪುಟ್ಟ ಮಕ್ಕಳಿರುವ ಮನೆಯವರಿಗೆಂದೇ ಮಾಡಿದ್ದಾರೆ. ಅಲ್ಲೇ ಸುತ್ತುವ ಕುದುರೆ, ಅಲ್ಲೇ ಊಟ, ಅಲ್ಲೇ ನೀರಾಟ. ಇನ್ನೂ ಡೈಪರ್ ಹಾಕುವ ಕೂಸುಗಳನ್ನು ಸಾಮಾನ್ಯ ಈಜುಕೊಳಕ್ಕೆ ಬಿಡುವುದಿಲ್ಲ, ಅವರಿಗೆ ಬೇಬಿ ಬೇ ಅಂತ ಪ್ರತ್ಯೇಕ ನೀರಿನ ಜಾಗ ಇದೆ. ನಮ್ಮ ಏಳು ವರ್ಷದ ಮಗಳು ದಿನಕ್ಕೆ ನಾಲ್ಕು ಸಲ ಆ ಕುದುರೆ ಹತ್ತಿದಳು. ಹನ್ನೆರಡರ ಮಗ ಜಾರುಬಂಡೆಯಿಂದ ಇಳಿದು ಬಂದವನು ಒದ್ದೆ ಕಾಲಲ್ಲೇ ಮತ್ತೆ ಸಾಲಿಗೆ ಹೋಗಿ ನಿಲ್ಲುತ್ತಿದ್ದ. ಜಾರುಬಂಡೆಗಳಿಗೆ ಎತ್ತರದ ಮಿತಿಯಿದೆ, ಹೋಗುವ ಮುಂಚೆ ಮಕ್ಕಳನ್ನು ಗೋಡೆಗೆ ನಿಲ್ಲಿಸಿ ಅಳೆದುಕೊಳ್ಳಿ. ಅಲ್ಲಿ ಹೋದ ಮೇಲೆ ಅಳು ಬೇಡ. ಸಮುದ್ರದ ಮೇಲೆ 150 ಅಡಿಗೂ ಎತ್ತರದಲ್ಲಿ ಹಗ್ಗಕ್ಕೆ ಕಟ್ಟಿಕೊಂಡು ನಡೆಯುವ ಕ್ರೌನ್ಸ್ ಎಡ್ಜ್‌ಗೆ ಮಾತ್ರ ಬೇರೆ ದುಡ್ಡು.

ಬಿಯಾಂಡ್‌ನಲ್ಲಿ ಮಕ್ಕಳ ಕ್ಲಬ್ ಇದೆ, ನೋಡಿಕೊಳ್ಳುವವರೂ ಒಳ್ಳೆಯವರು, ಆದರೆ ನೀರಿನ ಜಾರುಬಂಡೆ ಒಂದೂ ಇಲ್ಲ. ಮೂರನೆಯ ದಿನಕ್ಕೆ ಹನ್ನೆರಡು ವರ್ಷದವನು "ಅಮ್ಮಾ, ಇನ್ನೇನು ಮಾಡಲಿ" ಅನ್ನುತ್ತಾನೆ.

ಎರಡರಲ್ಲೂ ಕೂಸಿಗೆ ಕನಿಷ್ಠ ಆರು ತಿಂಗಳು ತುಂಬಿರಬೇಕು. ಸಮುದ್ರದಲ್ಲೇ ಹೆಚ್ಚು ದಿನ ಇರುವ ಯಾನಗಳಿಗೆ ಒಂದು ವರ್ಷ.

ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಅವರಿಗೆ ಯಾವುದು ಹಿತ?

ಅಪ್ಪ ಅಮ್ಮ ಮಾತ್ರ ಅಂದರೆ ಬಿಯಾಂಡ್. ಕಾರಣ ಮಂಡಿ.

ಐಕಾನ್ ಒಂದು ತುದಿಯಿಂದ ಇನ್ನೊಂದು ತುದಿಗೆ 365 ಮೀಟರ್. ನಿಮ್ಮ ಕ್ಯಾಬಿನ್ ಹಿಂದಿನ ತುದಿಯಲ್ಲಿದ್ದರೆ, ಮುಂದಿನ ತುದಿಯಲ್ಲಿರುವ ಆಕ್ವಾಡೋಮ್‌ಗೆ (ನೀರಿನ ಪ್ರದರ್ಶನ ನಡೆಯುವ ಗಾಜಿನ ಗುಮ್ಮಟ) ಹೋಗಿ ಬರುವಷ್ಟರಲ್ಲಿ ಮುಕ್ಕಾಲು ಕಿಲೋಮೀಟರ್ ಆಗಿರುತ್ತದೆ. ದಿನಕ್ಕೆ ನಾಲ್ಕು ಸಲ ಅಂದರೆ ಮೂರು ಕಿಲೋಮೀಟರ್. ಬಿಯಾಂಡ್ ತೀರಾ ಪುಟ್ಟದೇನಲ್ಲ, ಆದರೆ ಅಲ್ಲಿ ಕುಳಿತುಕೊಳ್ಳುವುದಕ್ಕೆ ಎಲ್ಲ ಕಡೆ ಜಾಗ ಇದೆ. ಕಿವಿಗಡಚಿಕ್ಕುವ ಹಾಡು ಈಜುಕೊಳದ ಬಳಿ ಮಾತ್ರ. ಸೋಲೇರಿಯಂ ಅನ್ನುವ ಗಾಜಿನ ಸೂರಿನ ಈಜುಕೊಳ ದೊಡ್ಡವರಿಗೆ ಮಾತ್ರ. ಅತ್ತೆ ಅಲ್ಲಿ ಶಾಲು ಹೊದ್ದು ಕಾಲು ಚಾಚಿ ಮಧ್ಯಾಹ್ನವಿಡೀ ಕೂರುತ್ತಿದ್ದರು.

ಮಾವನವರ ವಿಷಯ ಹೇಳಬೇಕು. ಬಿಯಾಂಡ್‌ನಲ್ಲಿ ಇನ್‌ಫಿನಿಟ್ ವೆರಾಂಡಾ ಅನ್ನುವ ಕ್ಯಾಬಿನ್‌ಗಳಿವೆ. ಬಾಲ್ಕನಿ ಬೇರೆ ಇರುವುದಿಲ್ಲ, ಕೋಣೆಯ ಕೊನೆಯೇ ಬಾಲ್ಕನಿ. ಗುಂಡಿ ಒತ್ತಿದರೆ ದೊಡ್ಡ ಗಾಜಿನ ಮೇಲರ್ಧ ಮೆಲ್ಲಗೆ ಕೆಳಗಿಳಿಯುತ್ತದೆ, ಸೊಂಟದೆತ್ತರಕ್ಕೆ ಬಂದು ನಿಲ್ಲುತ್ತದೆ. ಬೆಳಿಗ್ಗೆ ಆರಕ್ಕೆ ಮಾವ ಸ್ನಾನ ಮುಗಿಸಿ, ಪಂಚೆ ಉಟ್ಟು, ಗುಂಡಿ ಒತ್ತಿ ನಿಲ್ಲುತ್ತಿದ್ದರು. ಉಪ್ಪುಗಾಳಿ ಒಳಗೆ ಬರುತ್ತಿತ್ತು, ಎದುರಿಗೆ ಸೂರ್ಯ. ಹಡಗಿನಿಂದ ಏನನ್ನೂ ಹೊರಕ್ಕೆ ಸುರಿಯಬಾರದು ಅಂತ ಹೇಳಿದ್ದಕ್ಕೆ ಸ್ಟೀಲ್ ತಟ್ಟೆಯೊಂದನ್ನು ಇಟ್ಟುಕೊಂಡು ಅರ್ಘ್ಯವನ್ನು ಅದಕ್ಕೇ ಬಿಡುತ್ತಿದ್ದರು. ಏಳು ದಿನವೂ ತಪ್ಪಿಸಲಿಲ್ಲ. ಯಾವ ದ್ವೀಪಕ್ಕಿಂತಲೂ ಆ ಹೊತ್ತು ಅವರಿಗೆ ಇವತ್ತಿಗೂ ಹೆಚ್ಚು ನೆನಪಿದೆ.

ತಿಳಿದಿರಲಿ: ಗಾಜು ಇಳಿಸಿದಾಗ ಎಸಿ ನಿಲ್ಲುತ್ತದೆ. ಗಾಳಿ ಜೋರಾದರೆ ಗಾಜು ಇಳಿಯದಂತೆ ಹಡಗಿನವರೇ ಬೀಗ ಹಾಕುತ್ತಾರೆ. ಹೊರಗೆ ಕಾಲಿಟ್ಟು ನಿಲ್ಲುವ ಬಾಲ್ಕನಿಯೇ ಬೇಕು ಅನ್ನುವವರು ಬುಕ್ ಮಾಡುವಾಗ ಕ್ಯಾಬಿನ್ನಿನ ಹೆಸರನ್ನು ಸರಿಯಾಗಿ ಓದಿ. ಐಕಾನ್‌ನಲ್ಲೂ ಇಂಥ ಕ್ಯಾಬಿನ್‌ಗಳಿವೆ. ಇನ್ನು ದೀಪ, ಊದಿನಕಡ್ಡಿ ಎರಡು ಹಡಗಿನಲ್ಲೂ ಹಚ್ಚುವಂತಿಲ್ಲ. ಬೆಂಕಿಯ ಭಯ ಸಮುದ್ರದಲ್ಲಿ ದೊಡ್ಡದು, ಹಿರಿಯರಿಗೆ ಮೊದಲೇ ಹೇಳಿಡಿ.

ಸಸ್ಯಾಹಾರಿಗಳಿಗೆ ಊಟ ಸಿಗುತ್ತದಾ? ಅನ್ನ ಸಾರು?

ಊಟಕ್ಕೆ ತೊಂದರೆ ಇಲ್ಲ, ಎರಡರಲ್ಲೂ. ಅನ್ನ ಸಾರು ಅನ್ನುವ ಹೆಸರಲ್ಲಿ ಸಿಗುವುದಿಲ್ಲ, ಆದರೆ ಬೇಳೆ, ಪಲ್ಯ, ಅನ್ನ, ರೋಟಿ ಸಿಗುತ್ತದೆ. ಅಡುಗೆಮನೆಯಲ್ಲೂ ಬಡಿಸುವವರಲ್ಲೂ ಭಾರತದವರು ಬಹಳ ಜನ ಇದ್ದಾರೆ.

ದಾರಿ ಹೀಗಿದೆ. ಮೊದಲ ರಾತ್ರಿ ಮೇನ್ ಡೈನಿಂಗ್ ರೂಮಿಗೇ ಹೋಗಿ. ಬಫೆಗೆ ಹೋಗಬೇಡಿ. ಅಲ್ಲಿ ಹೆಡ್ ವೇಟರ್ ಅನ್ನು ಕರೆದು, "ನಾವು ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ, ನಾಳೆಯಿಂದ ಇಂಡಿಯನ್ ಊಟ ಬೇಕು" ಅಂತ ಬಿಡಿಸಿ ಹೇಳಿ. ಈರುಳ್ಳಿ ಬೆಳ್ಳುಳ್ಳಿ ಇಲ್ಲದ್ದು ಬೇಕಾದರೆ ಅದನ್ನೂ ಹೇಳಿ, ಜೈನ ಊಟ ಅಂದರೆ ಅವರಿಗೆ ಅರ್ಥವಾಗುತ್ತದೆ. ಮಾರನೆಯ ದಿನದ್ದನ್ನು ಹಿಂದಿನ ರಾತ್ರಿಯೇ ಹೇಳುವುದು ರೂಢಿ. ಬಿಯಾಂಡ್‌ನಲ್ಲಿ ನಮಗೆ ಬಡಿಸುತ್ತಿದ್ದ ಹುಡುಗ ಮಂಗಳೂರಿನವನು. ಅತ್ತೆ ತುಳಸಿ ಕಷಾಯದಿಂದ ಹಿಡಿದು ಅವನ ಅಮ್ಮನ ಆರೋಗ್ಯದವರೆಗೆ ಎಲ್ಲ ಮಾತಾಡಿದರು. ನಾಲ್ಕನೆಯ ರಾತ್ರಿ ಅವನು ಒಂದು ಪುಟ್ಟ ಬಟ್ಟಲಲ್ಲಿ ಮೆಣಸಿನ ತಿಳಿಸಾರು ತಂದಿಟ್ಟ. ಮೆನುವಿನಲ್ಲಿ ಇಲ್ಲದ್ದು. ಅತ್ತೆಯ ಕಣ್ಣು ತುಂಬಿತು.

ಇವೆರಡರ ನಡುವೆ ಊಟದಲ್ಲಿ ಮೇಲುಗೈ ಬಿಯಾಂಡ್‌ದೇ. ಟಿಕೆಟ್ಟಿನಲ್ಲೇ ಸೇರಿದ ನಾಲ್ಕು ಬೇರೆಬೇರೆ ಡೈನಿಂಗ್ ರೂಮುಗಳಿವೆ, ಓಷನ್‌ವ್ಯೂ ಕೆಫೆ ಅನ್ನುವ ಬಫೆಯಲ್ಲಿ ಭಾರತದ ಅಡುಗೆಗೆ ಒಂದು ಮೂಲೆ ಇರುತ್ತದೆ. ಐಕಾನ್‌ನ ಬಫೆ ಕೆಟ್ಟದ್ದಲ್ಲ, ಆದರೆ ಗದ್ದಲ. ಐಕಾನ್‌ನಲ್ಲಿ ನಮಗೆ ಹಿಡಿಸಿದ್ದು ಆಕ್ವಾಡೋಮ್ ಮಾರ್ಕೆಟ್, ಬೇರೆಬೇರೆ ಅಂಗಡಿಗಳಲ್ಲಿ ಬಿಸಿಯಾಗಿ ಮಾಡಿಕೊಡುತ್ತಾರೆ, ಮಕ್ಕಳು ಚೀಸ್ ಪಾಸ್ತಾ ತಿಂದರು, ನಾವು ತರಕಾರಿ ಹಾಕಿದ ಮೆಡಿಟರೇನಿಯನ್ ಊಟ ತಿಂದೆವು.

ಮನೆಯಿಂದ ತಿಂಡಿ, ಕಾಫಿಪುಡಿ ಒಯ್ಯಬಹುದಾ?

ಕಂಪನಿಯ ಪ್ಯಾಕಿಂಗ್ ಇರುವ, ಒಡೆಯದ ಪೊಟ್ಟಣಗಳನ್ನು ಒಯ್ಯಬಹುದು. ಮನೆಯಲ್ಲಿ ಕರಿದ ಚಕ್ಕುಲಿ, ಡಬ್ಬಿಯಲ್ಲಿ ಹಾಕಿದ ಪುಳಿಯೋಗರೆಗೆ ಅನುಮತಿ ಇಲ್ಲ. ಹಾಗಾಗಿ ಉಪ್ಪಿನಕಾಯಿ, ಚಟ್ನಿಪುಡಿ, ರೆಡಿ ಉಪ್ಪಿಟ್ಟು ಅಂಗಡಿಯದ್ದೇ ಇರಲಿ. ಹಡಗಿನಿಂದ ಹಣ್ಣು, ಊಟ ಕಟ್ಟಿಕೊಂಡು ದ್ವೀಪಕ್ಕೆ ಇಳಿಯುವುದೂ ಬೇಡ, ಅಲ್ಲಿಯ ಕೃಷಿ ಕಾನೂನು ಬಿಗಿ.

ಎಲೆಕ್ಟ್ರಿಕ್ ಕೆಟಲ್, ರೈಸ್ ಕುಕ್ಕರ್, ಇಸ್ತ್ರಿ ಪೆಟ್ಟಿಗೆ, ಎಕ್ಸ್‌ಟೆನ್ಶನ್ ಬಾಕ್ಸ್ ಇವು ಯಾವುವೂ ಬೇಡ. ಬಹಳ ಹಿಂದೆ ಬೇರೊಂದು ಹಡಗಿನಲ್ಲಿ ನಮ್ಮ ಸೂಟ್‌ಕೇಸು ರಾತ್ರಿ ಹತ್ತಾದರೂ ಕ್ಯಾಬಿನ್ನಿಗೆ ಬರಲಿಲ್ಲ. ಒಳಗೆ ಕೆಟಲ್ ಇದ್ದದ್ದಕ್ಕೆ ಭದ್ರತೆಯವರು ತಡೆದಿದ್ದರು. ಮಗಳ ರಾತ್ರಿ ಬಟ್ಟೆ, ಅತ್ತೆಯ ಬಿಪಿ ಮಾತ್ರೆ ಎಲ್ಲವೂ ಅದರಲ್ಲೇ. ಮಾತ್ರೆಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ ಅಂತ ಅವತ್ತಿನಿಂದ ಎಲ್ಲರಿಗೂ ಹೇಳುತ್ತಿದ್ದೇನೆ.

ಫಿಲ್ಟರ್ ಕಾಫಿಗೆ ದಾರಿ ಇದೆ. ಸ್ಟೀಲ್ ಫಿಲ್ಟರಿಗೆ ಕರೆಂಟು ಬೇಕಿಲ್ಲ. ಪುಡಿಯ ಪೊಟ್ಟಣ, ಪುಟ್ಟ ಫಿಲ್ಟರ್, ಒಂದು ಫ್ಲಾಸ್ಕ್ ಇಷ್ಟು ಸಾಕು. ಬಫೆಯಲ್ಲಿ ಕುದಿನೀರು ತುಂಬಿಸಿಕೊಂಡು ಬಂದು ರಾತ್ರಿಯೇ ಡಿಕಾಕ್ಷನ್ ಇಳಿಸಿಟ್ಟರೆ ಬೆಳಿಗ್ಗೆ ಬಿಸಿಹಾಲಿಗೆ ಮಾತ್ರ ಕೆಳಗೆ ಹೋಗಬೇಕು.

ಯಾವ ಹಡಗು ಯಾವ ದ್ವೀಪಗಳಿಗೆ ಹೋಗುತ್ತದೆ?

ಹಡಗಿನ ಹೆಸರಿಗಿಂತ ನಿಮ್ಮ ತಾರೀಖಿನ ಯಾನಪಟ್ಟಿ ಮುಖ್ಯ, ಅದು ವಾರದಿಂದ ವಾರಕ್ಕೆ ಬದಲಾಗುತ್ತದೆ. ಐಕಾನ್ ಮಯಾಮಿಯಿಂದ ಏಳು ರಾತ್ರಿಯ ಯಾನ ಮಾಡುತ್ತದೆ. ಪಶ್ಚಿಮಕ್ಕೆ ಹೋದರೆ ಮೆಕ್ಸಿಕೋದ ಕೋಝುಮೆಲ್, ಕೋಸ್ಟಾ ಮಾಯಾ, ಹೊಂಡುರಾಸ್‌ನ ರೊಆಟಾನ್. ಪೂರ್ವಕ್ಕೆ ಹೋದರೆ ಸೇಂಟ್ ಥಾಮಸ್, ಸೇಂಟ್ ಮಾರ್ಟನ್, ಕೆಲವು ಸಲ ಸೇಂಟ್ ಕಿಟ್ಸ್. ಐಕಾನ್‌ನ ಈ ಎರಡೂ ದಾರಿಗಳಲ್ಲಿ ಬಹಾಮಾಸ್‌ನಲ್ಲಿರುವ ಕಂಪನಿಯದ್ದೇ ದ್ವೀಪವಾದ ಕೊಕೊಕೇ ಇರುತ್ತದೆ.

ಐಕಾನ್‌ನಂಥ ದೊಡ್ಡ ಹಡಗಿಗೆ ಉದ್ದನೆಯ ಕಟ್ಟೆ (ಹಡಗು ತಾಗಿ ನಿಲ್ಲುವ ಜೆಟ್ಟಿ) ಇರುವ ಬಂದರೇ ಬೇಕು. ಗ್ರ್ಯಾಂಡ್ ಕೇಮನ್ ದ್ವೀಪದಲ್ಲಿ ಅಂಥ ಕಟ್ಟೆಯಿಲ್ಲ, ಹಡಗು ದೂರದಲ್ಲಿ ಲಂಗರು ಹಾಕಿ ಜನರನ್ನು ಸಣ್ಣ ದೋಣಿಗಳಲ್ಲಿ ದಡಕ್ಕೆ ಬಿಡಬೇಕು. ಕಟ್ಟೆ ಕಟ್ಟಬೇಕೇ ಅಂತ 2025ರ ಏಪ್ರಿಲ್‌ನಲ್ಲಿ ಅಲ್ಲಿ ಜನಮತ ನಡೆಯಿತು, ಜನ ಬೇಡ ಅಂದರು. ಬಿಯಾಂಡ್ ಅಂಥ ಕಡೆಗೂ ಹೋಗಬಲ್ಲದು. ಅದರ ಪಕ್ಕದಲ್ಲಿ ಮ್ಯಾಜಿಕ್ ಕಾರ್ಪೆಟ್ ಅನ್ನುವ ಕಿತ್ತಳೆ ಬಣ್ಣದ ದೊಡ್ಡ ಅಟ್ಟಣಿಗೆ ಮೇಲೆ ಕೆಳಗೆ ಸರಿಯುತ್ತದೆ. ದೋಣಿ ಹತ್ತುವ ದಿನ ನೀರಿನ ಮಟ್ಟಕ್ಕೆ ಇಳಿದು ಅದೇ ಮೆಟ್ಟಿಲಾಗುತ್ತದೆ, ಉಳಿದ ದಿನ ಮೇಲೆ ಹೋಗಿ ಕೂತು ಹರಟುವ ಜಗುಲಿ. ಬಿಯಾಂಡ್‌ನ ಉದ್ದ ಯಾನಗಳಲ್ಲಿ ಅರೂಬಾ, ಕುರಸಾವ್ ಕೂಡ ಸಿಗುತ್ತವೆ. ದ್ವೀಪಗಳೇ ಮುಖ್ಯ ಅನ್ನುವವರಿಗೆ ಬಿಯಾಂಡ್‌ನ ಪಟ್ಟಿ ರುಚಿಸುತ್ತದೆ. ಬಿಯಾಂಡ್‌ನ ಕೆಲವು ಯಾನಗಳಲ್ಲೂ ಕೊಕೊಕೇ ಇದೆ, ಅದೊಂದಕ್ಕಾಗಿ ಐಕಾನ್ ಹತ್ತಬೇಕಿಲ್ಲ.

ಕೊಕೊಕೇಯಲ್ಲಿ ಕಡಲತೀರ, ದೊಡ್ಡ ಸಿಹಿನೀರಿನ ಕೊಳ, ಊಟ ಉಚಿತ. ವಾಟರ್ ಪಾರ್ಕಿಗೆ, ಆಕಾಶಕ್ಕೇರುವ ಬಲೂನಿಗೆ ಬೇರೆ ದುಡ್ಡು, ಅದೂ ಕಡಿಮೆಯಲ್ಲ. ಐಕಾನ್‌ನಲ್ಲೇ ಆರು ಜಾರುಬಂಡೆ ಇರುವಾಗ ಅಲ್ಲಿ ಮತ್ತೆ ದುಡ್ಡು ಸುರಿಯಬೇಡಿ ಅನ್ನುವುದು ನನ್ನ ಅಭಿಪ್ರಾಯ.

ಸೇಂಟ್ ಮಾರ್ಟನ್ ನನಗೆ ಎಲ್ಲಕ್ಕಿಂತ ಇಷ್ಟ. ಅಂಗೈಯಗಲದ ದ್ವೀಪ, 1648ರ ಒಪ್ಪಂದದಿಂದ ಒಂದು ಭಾಗ ಫ್ರೆಂಚರದ್ದು, ಇನ್ನೊಂದು ಭಾಗ ಡಚ್ಚರದ್ದು. ಮಾಹೋ ಕಡಲತೀರದಲ್ಲಿ ವಿಮಾನ ತಲೆಯ ಮೇಲೆಯೇ ಇಳಿಯುತ್ತದೆ. ನೋಡಲೇಬೇಕಾದದ್ದು, ಆದರೆ ಹೊರಡುವ ವಿಮಾನದ ಹಿಂದೆ ಬೇಲಿ ಹಿಡಿದು ನಿಲ್ಲಬೇಡಿ. ಆ ಗಾಳಿಯ ರಭಸಕ್ಕೆ 2017ರಲ್ಲಿ ಒಬ್ಬರು ಪ್ರಾಣ ಕಳೆದುಕೊಂಡಿದ್ದಾರೆ. ಫಿಲಿಪ್ಸ್‌ಬರ್ಗ್‌ನ ಫ್ರಂಟ್ ಸ್ಟ್ರೀಟಿನಲ್ಲಿ ಒಡವೆ ಅಂಗಡಿಗಳ ಸಾಲಿದೆ, ಅವುಗಳಲ್ಲಿ ಎಷ್ಟೋ ಸಿಂಧಿಗಳದ್ದು. ಅತ್ತೆಯ ಸೀರೆ ನೋಡಿದ್ದೇ ಒಬ್ಬರು ಎದ್ದು ಬಂದು ನಮಸ್ಕರಿಸಿ, ಹತ್ತಿರದಲ್ಲಿ ಸಸ್ಯಾಹಾರ ಎಲ್ಲಿ ಸಿಗುತ್ತದೆ ಅಂತ ತಾವಾಗಿಯೇ ಹೇಳಿದರು.

ಕ್ರಿಕೆಟ್ ಹುಚ್ಚಿರುವವರಿಗೆ ಒಂದು ಮಾತು. ಸೇಂಟ್ ಕಿಟ್ಸ್‌ನ ಬಸ್ಸೆಟೇರ್ ಬಂದರಿನಿಂದ ವಾರ್ನರ್ ಪಾರ್ಕ್ ನಡೆದು ಹೋಗುವ ದೂರ, 2007ರ ವಿಶ್ವಕಪ್‌ನಲ್ಲಿ ದಕ್ಷಿಣ ಆಫ್ರಿಕಾದ ಹರ್ಷೆಲ್ ಗಿಬ್ಸ್ ಒಂದೇ ಓವರಿನಲ್ಲಿ ಆರು ಸಿಕ್ಸರ್ ಹೊಡೆದ ಮೈದಾನ. ಆಂಟಿಗುವಾ ಇರುವ ಯಾನ ಸಿಕ್ಕರಂತೂ ಬಿಡಬೇಡಿ. ಸೇಂಟ್ ಜಾನ್ಸ್ ಪಟ್ಟಣದ ಹಳೆಯ ರಿಕ್ರಿಯೇಷನ್ ಗ್ರೌಂಡ್‌ನಲ್ಲೇ 2002ರ ಮೇ ತಿಂಗಳಲ್ಲಿ ನಮ್ಮ ಅನಿಲ್ ಕುಂಬ್ಳೆ ಮುರಿದ ದವಡೆಗೆ ಬ್ಯಾಂಡೇಜ್ ಸುತ್ತಿಕೊಂಡು 14 ಓವರ್ ಹಾಕಿದ್ದು, ವೆಸ್ಟ್ ಇಂಡೀಸ್‌ನ ಲಾರಾ ವಿಕೆಟ್ ಕಿತ್ತದ್ದು. ನಾನಿನ್ನೂ ಅಲ್ಲಿಗೆ ಹೋಗಿಲ್ಲ. ಹೋಗುತ್ತೇನೆ.

ಇಂಡಿಯನ್ ಪಾಸ್‌ಪೋರ್ಟ್ ಇದೆ. ವೀಸಾ?

ಈ ಉತ್ತರವನ್ನು ನಿಧಾನವಾಗಿ ಓದಿ, ಟಿಕೆಟ್ ಆಮೇಲೆ ಕೊಳ್ಳಿ. ಹಡಗು ಅಮೆರಿಕದಿಂದ ಹೊರಟು ಅಮೆರಿಕಕ್ಕೇ ಮರಳಿದರೂ ನೀವು ದೇಶ ಬಿಟ್ಟು ಮತ್ತೆ ಒಳಗೆ ಬಂದ ಹಾಗೆಯೇ ಲೆಕ್ಕ. ಆದ್ದರಿಂದ ಹಿಂತಿರುಗುವ ದಿನಕ್ಕೆ ಪಾಸ್‌ಪೋರ್ಟಿನಲ್ಲಿ ಚಾಲ್ತಿಯಲ್ಲಿರುವ ವೀಸಾ ಇರಬೇಕು. ಊರಿಂದ ಬಂದ ತಂದೆತಾಯಿಯ ವೀಸಾ ಮಲ್ಟಿಪಲ್ ಎಂಟ್ರಿ (ಒಂದಕ್ಕಿಂತ ಹೆಚ್ಚು ಸಲ ಒಳಗೆ ಬರಬಹುದಾದದ್ದು) ಆಗಿರಬೇಕು. ಗ್ರೀನ್ ಕಾರ್ಡ್ ಇರುವವರು ಕಾರ್ಡು, ಪಾಸ್‌ಪೋರ್ಟ್ ಎರಡನ್ನೂ ಒಯ್ಯಿರಿ.

ಎಚ್1ಬಿ ಉದ್ಯೋಗ ವೀಸಾದವರು ಎಡವುವುದು ಇಲ್ಲೇ. ಪಾಸ್‌ಪೋರ್ಟಿನ ವೀಸಾ ಸ್ಟ್ಯಾಂಪ್ ಮುಗಿದಿದೆ, ಐ-94 (ಅಮೆರಿಕದಲ್ಲಿ ಎಲ್ಲಿಯವರೆಗೆ ಇರಬಹುದೆನ್ನುವ ದಾಖಲೆ) ಇದೆ, "ಮೂವತ್ತು ದಿನದೊಳಗೆ ಬಂದರೆ ಸಾಕಂತೆ" ಅಂತ ಯಾರೋ ಹೇಳಿರುತ್ತಾರೆ. ಆ ಸವಲತ್ತು ಎಚ್ ವೀಸಾದವರಿಗೆ ಕೆನಡಾ, ಮೆಕ್ಸಿಕೋಗೆ ಮಾತ್ರ. ಈ ಎರಡು ಹಡಗುಗಳ ಪಟ್ಟಿಯಲ್ಲಿ ಬಹಾಮಾಸ್ ಬರುತ್ತದೆ, ಹೊಂಡುರಾಸ್ ಬರುತ್ತದೆ, ಸೇಂಟ್ ಮಾರ್ಟನ್ ಬರುತ್ತದೆ. ಅಲ್ಲಿಗೆ ಹೋಗಿ ಬಂದರೆ ಅದು ನಡೆಯುವುದಿಲ್ಲ. ಎಫ್, ಜೆ ವೀಸಾದವರಿಗೆ (ವಿದ್ಯಾರ್ಥಿಗಳು, ವಿನಿಮಯ ಕಾರ್ಯಕ್ರಮದವರು) ಪಕ್ಕದ ದ್ವೀಪಗಳೂ ಸೇರುತ್ತವೆ, ಆದರೆ ಹೊಂಡುರಾಸ್ ಆ ಪಟ್ಟಿಯಲ್ಲಿಲ್ಲ. ಸ್ಟ್ಯಾಂಪ್ ಮುಗಿದಿದ್ದರೆ ವಲಸೆ ವಕೀಲರನ್ನು ಕೇಳದೆ ಒಂದು ಡಾಲರೂ ಕಟ್ಟಬೇಡಿ.

ದ್ವೀಪಗಳ ವೀಸಾ ಬೇರೆ ವಿಷಯ. ಮೆಕ್ಸಿಕೋ ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದ್ದವರನ್ನು ತನ್ನ ವೀಸಾ ಇಲ್ಲದೆ ಬಿಡುತ್ತದೆ. ಸೇಂಟ್ ಥಾಮಸ್, ಪೋರ್ಟೊರಿಕೊ ಅಮೆರಿಕದವೇ. ಉಳಿದವಕ್ಕೆ ನಿಮ್ಮ ಯಾನದ ಪ್ರತಿ ಬಂದರಿನ ಹೆಸರು ಹಿಡಿದು ಹಡಗು ಕಂಪನಿಯಿಂದ ಇಮೇಲ್‌ನಲ್ಲಿ ಉತ್ತರ ತೆಗೆದುಕೊಳ್ಳಿ. ಫೋನಿನ ಮಾತು ಸಾಲದು. ನೀವು ಇಳಿಯದೆ ಹಡಗಿನಲ್ಲೇ ಕೂತರೂ ದಾಖಲೆ ಸರಿಯಿಲ್ಲದಿದ್ದರೆ ಮೊದಲ ದಿನವೇ ಹತ್ತಿಸಿಕೊಳ್ಳುವುದಿಲ್ಲ.

ಯಾವ ತಿಂಗಳು ಒಳ್ಳೆಯದು?

ಜನವರಿ ಕೊನೆಯಿಂದ ಏಪ್ರಿಲ್‌ವರೆಗೆ ಹವೆ ಚೆನ್ನ, ದರ ಜಾಸ್ತಿ. ಜೂನ್ 1ರಿಂದ ನವೆಂಬರ್ 30 ಚಂಡಮಾರುತದ ಕಾಲ, ಅದರಲ್ಲೂ ಆಗಸ್ಟ್ ನಡುವಿನಿಂದ ಅಕ್ಟೋಬರ್‌ವರೆಗೆ ಜೋರು. ಹಡಗು ಚಂಡಮಾರುತದೊಳಗೆ ಹೋಗುವುದಿಲ್ಲ, ದಾರಿ ಬದಲಿಸುತ್ತದೆ. ಪೂರ್ವದ ದ್ವೀಪಗಳಿಗೆಂದು ಹೊರಟವರು ಮೆಕ್ಸಿಕೋ ನೋಡಿ ಬರುತ್ತಾರೆ. ವೀಸಾ ಉತ್ತರವನ್ನು ಈ ಕಾರಣಕ್ಕೂ ಮತ್ತೊಮ್ಮೆ ಓದಿ. ಅರೂಬಾ, ಕುರಸಾವ್ ಚಂಡಮಾರುತದ ದಾರಿಯಿಂದ ದಕ್ಷಿಣಕ್ಕಿವೆ, ಸೆಪ್ಟೆಂಬರ್‌ನಲ್ಲೇ ಹೋಗಬೇಕಾದವರಿಗೆ ಅತ್ತ ಹೋಗುವ ಯಾನ ವಾಸಿ.

ಹೊಟ್ಟೆ ತೊಳಸುತ್ತದಾ?

ಎರಡೂ ದೊಡ್ಡ ಹಡಗುಗಳು, ಅಲುಗಾಟ ತಡೆಯುವ ರೆಕ್ಕೆಗಳೂ ಇವೆ. ಬಸ್ಸಿನಲ್ಲಿ ಚಾರ್ಮಾಡಿ ಘಾಟಿ ಹತ್ತಿದರೆ ವಾಂತಿ ಬರುವವರಿಗೂ ಇಲ್ಲಿ ಬಹುಪಾಲು ದಿನ ಏನೂ ಆಗುವುದಿಲ್ಲ. ಭಯವಿದ್ದರೆ ಹಡಗಿನ ಮಧ್ಯಭಾಗದಲ್ಲಿ, ಕೆಳಗಿನ ಡೆಕ್‌ನಲ್ಲಿ ಕ್ಯಾಬಿನ್ ತೆಗೆದುಕೊಳ್ಳಿ. ಮಾತ್ರೆಯನ್ನು ವೈದ್ಯರನ್ನು ಕೇಳಿ ಒಯ್ಯಿರಿ. ಹಸಿರು ಸೇಬು, ಶುಂಠಿ ಎರಡೂ ಹಡಗಿನಲ್ಲೇ ಸಿಗುತ್ತವೆ.

ನಾಲ್ಕು ಜನ ಇದ್ದೇವೆ. ಒಂದೇ ಕ್ಯಾಬಿನ್ ಸಾಕಾ?

ಐಕಾನ್‌ನಲ್ಲಿ ಸಾಕು. ಮಕ್ಕಳಿಗೆ ಬೇರೆ ಮೂಲೆಯಲ್ಲಿ ಮೇಲೆ ಕೆಳಗೆ ಹಾಸಿಗೆ ಇರುವ ಫ್ಯಾಮಿಲಿ ಕ್ಯಾಬಿನ್‌ಗಳಿವೆ. ಬಿಯಾಂಡ್‌ನಲ್ಲಿ ಅಕ್ಕಪಕ್ಕದ ಎರಡು ಕ್ಯಾಬಿನ್ ತೆಗೆದುಕೊಳ್ಳುವುದೇ ನೆಮ್ಮದಿ. ಬುಕ್ ಮಾಡುವಾಗ ಮೇಲಿನ ಡೆಕ್‌ನಲ್ಲಿ ಏನಿದೆ ನೋಡಿ. ಮೇಲೆ ಬಫೆ ಇದ್ದರೆ ಬೆಳಗಿನ ಜಾವಕ್ಕೇ ಕುರ್ಚಿ ಎಳೆಯುವ ಸದ್ದು ಶುರು.

ಟಿಕೆಟ್ ಬಿಟ್ಟು ಇನ್ನೇನು ಖರ್ಚು?

ತೋರಿಸುವ ದರ ಕ್ಯಾಬಿನ್‌ನಲ್ಲಿ ಇಬ್ಬರಿರುವಾಗ ಒಬ್ಬರದ್ದು. ಬಂದರಿನ ತೆರಿಗೆ ಅದರಲ್ಲಿ ಸೇರಿದೆಯೇ ನೋಡಿಕೊಳ್ಳಿ. ಅದರ ಮೇಲೆ ದಿನಕ್ಕೆ ಒಬ್ಬರಿಗೆ 18 ಡಾಲರ್ ಆಸುಪಾಸು ಟಿಪ್ಸ್, ಮಕ್ಕಳಿಗೂ. ನಾಲ್ಕು ಜನಕ್ಕೆ ಏಳು ರಾತ್ರಿ ಅಂದರೆ ಟಿಪ್ಸೇ 500 ಡಾಲರ್ ದಾಟುತ್ತದೆ. ಆಮೇಲೆ ಇಂಟರ್ನೆಟ್, ದ್ವೀಪಗಳಲ್ಲಿ ತಿರುಗಾಟ, ಬಂದರಿನ ಪಾರ್ಕಿಂಗ್.

ಸಾಮಾನ್ಯವಾಗಿ ಒಂದೇ ವಾರದ ದರ ನೋಡಿದರೆ ಐಕಾನ್ ಹೆಚ್ಚು. ಆದರೆ ಐಕಾನ್‌ನಲ್ಲಿ ನಾಲ್ವರು ಒಂದು ಕ್ಯಾಬಿನ್‌ನಲ್ಲಿ ಇರಬಹುದು, ಬಿಯಾಂಡ್‌ನಲ್ಲಿ ಎರಡು ಬೇಕಾಗುತ್ತದೆ ಅಂದರೆ ಲೆಕ್ಕ ತಲೆಕೆಳಗಾಗುತ್ತದೆ. ಒಟ್ಟು ಮೊತ್ತವನ್ನು ಕಾಗದದ ಮೇಲೆ ಬರೆದು ಹೋಲಿಸಿ.

ನಾವು ಕುಡಿಯುವುದಿಲ್ಲ. ಡ್ರಿಂಕ್ ಪ್ಯಾಕೇಜ್ ಬೇಕಾ?

ಬೇಡ. ನೀರು, ಚಹಾ, ಸಾದಾ ಕಾಫಿ, ಹಾಲು, ಲೆಮನೇಡ್, ಬೆಳಗಿನ ಜ್ಯೂಸ್ ಉಚಿತ. ಐಕಾನ್‌ನಲ್ಲಿ ಒಂದು ನಿಯಮ ಗಮನಿಸಿ: ಒಂದೇ ಕ್ಯಾಬಿನ್‌ನ ದೊಡ್ಡವರಲ್ಲಿ ಒಬ್ಬರು ಮದ್ಯದ ಪ್ಯಾಕೇಜ್ ಕೊಂಡರೆ ಉಳಿದ ದೊಡ್ಡವರೂ ಕೊಳ್ಳಬೇಕು. ಗಂಡ ಕುಡಿಯುತ್ತಾರೆ, ಹೆಂಡತಿ ಕುಡಿಯುವುದಿಲ್ಲ ಅನ್ನುವ ಮನೆಯಲ್ಲಿ ಬಿಡಿಬಿಡಿಯಾಗಿ ಕೊಳ್ಳುವುದೇ ಅಗ್ಗ.

ಇಂಟರ್ನೆಟ್ ಇರುತ್ತದಾ?

ಎರಡರಲ್ಲೂ ಸ್ಟಾರ್‌ಲಿಂಕ್ ಉಪಗ್ರಹ ಇಂಟರ್ನೆಟ್. ಹಾಸನಕ್ಕೆ ವಿಡಿಯೋ ಕಾಲ್ ಸರಾಗವಾಗಿ ಹೋಯಿತು. ಹಡಗು ಹೊರಟ ಕೂಡಲೇ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಇಲ್ಲದಿದ್ದರೆ ಹಡಗಿನ ರೋಮಿಂಗ್ ಬಿಲ್ ಬರುತ್ತದೆ.

ಹಿರಿಯರಿಗೆ ಹುಷಾರು ತಪ್ಪಿದರೆ?

ಎರಡರಲ್ಲೂ ವೈದ್ಯರು, ದಾದಿಯರು ಇರುವ ಚಿಕಿತ್ಸಾಲಯವಿದೆ. ಆದರೆ ಶುಲ್ಕ ನಿಮ್ಮ ಖಾತೆಗೇ ಬೀಳುತ್ತದೆ, ಅಮೆರಿಕದ ಎಷ್ಟೋ ಆರೋಗ್ಯ ವಿಮೆಗಳು ಅಲ್ಲಿ ನಡೆಯುವುದಿಲ್ಲ. ಊರಿಂದ ಬಂದವರಿಗೆ ಮಾಡಿಸಿದ ವಿಸಿಟರ್ ವಿಮೆಯಲ್ಲಿ ಹಡಗು, ಬೇರೆ ದೇಶದ ಬಂದರು, ತುರ್ತಾಗಿ ದಡಕ್ಕೆ ಸಾಗಿಸುವ ವೆಚ್ಚ ಈ ಮೂರೂ ಸೇರಿವೆಯೇ ನೋಡಿ. ಸೇರದಿದ್ದರೆ ಕ್ರೂಸ್‌ಗೆಂದೇ ಬೇರೆ ವಿಮೆ ಮಾಡಿಸಿ. ಹೃದ್ರೋಗ, ಸಕ್ಕರೆ ಕಾಯಿಲೆ ಮೊದಲೇ ಇದ್ದರೆ ಅದು ಒಳಗೊಂಡಿದೆಯೇ ಅನ್ನುವುದನ್ನೂ ಕೇಳಿ. ನೂರಿನ್ನೂರು ಡಾಲರ್ ಉಳಿಸುವ ಜಾಗ ಇದಲ್ಲ.

ಹಡಗು ಹೊರಡುವ ದಿನವೇ ವಿಮಾನದಲ್ಲಿ ಹೋದರೆ ಆಗದಾ?

ಬೇಡ. ಹಿಂದಿನ ದಿನವೇ ಹೋಗಿ. ಹಡಗು ಕಾಯುವುದಿಲ್ಲ.

ಮಕ್ಕಳೂ ಇದ್ದಾರೆ, ಅಜ್ಜ ಅಜ್ಜಿಯೂ ಬರುತ್ತಿದ್ದಾರೆ. ಎಲ್ಲರೂ ಒಂದೇ ಹಡಗಿನಲ್ಲಿ ಹೋಗಬೇಕು. ಈಗ ಹೇಳಿ.

ಹೆಚ್ಚು ಜನ ಕೇಳುವುದು ಇದನ್ನೇ. ನನ್ನ ಉತ್ತರ ಐಕಾನ್, ಆದರೆ ಅಜ್ಜ ಅಜ್ಜಿಗೆ ಹೊಂದುವ ಹಾಗೆ ಬುಕ್ ಮಾಡಿದ ಐಕಾನ್. ಶಾಲೆಯ ರಜೆಯ ಅಂಚಿನ ವಾರ ಹುಡುಕಿ, ತೀರಾ ನಡುವಿನದು ಬೇಡ. ಅವರ ಕ್ಯಾಬಿನ್ ಮಧ್ಯದ ಲಿಫ್ಟಿನ ಹತ್ತಿರ ಇರಲಿ, ನಿಮ್ಮದಕ್ಕೆ ಅಂಟಿಕೊಂಡೇ ಇರಬೇಕೆಂದಿಲ್ಲ. ಐಕಾನ್‌ನ ನಡುವೆ ಸೆಂಟ್ರಲ್ ಪಾರ್ಕ್ ಅಂತ ಆಕಾಶಕ್ಕೆ ತೆರೆದ ತೋಟವಿದೆ, ನಿಜವಾದ ಗಿಡಮರಗಳು, ನೆರಳು, ಬೆಂಚು. ಇಡೀ ಹಡಗು ಗಿಜಿಗುಡುತ್ತಿದ್ದರೂ ಅಲ್ಲಿ ಮಾತು ಕೇಳಿಸುತ್ತದೆ. ಹಿರಿಯರಿಗೆ ಮೊದಲ ದಿನವೇ ಆ ಜಾಗ ತೋರಿಸಿ, ದಾರಿಯನ್ನು ಅವರ ಜೊತೆ ಎರಡು ಸಲ ನಡೆಯಿರಿ, ಕ್ಯಾಬಿನ್ ನಂಬರನ್ನು ಕನ್ನಡದಲ್ಲಿ ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿ. ರಾತ್ರಿ ಊಟ ಎಲ್ಲರಿಗೂ ಒಂದೇ ಮೇಜು, ಒಂದೇ ಹೊತ್ತು ಅಂತ ಮೊದಲೇ ನಿಗದಿ ಮಾಡಿಸಿಕೊಳ್ಳಿ. ಹಗಲು ಯಾರು ಎಲ್ಲಿದ್ದರೂ ಆರೂವರೆಗೆ ಎಲ್ಲರೂ ಅಲ್ಲಿ ಸೇರುತ್ತಾರೆ.

ಅಜ್ಜಿಗೆ ನಡೆಯುವುದೇ ಕಷ್ಟ, ಮಕ್ಕಳು ಇನ್ನೂ ಎರಡು ಮೂರು ವರ್ಷದವರು ಅಂದರೆ ಮಾತ್ರ ಬಿಯಾಂಡ್. ಆ ವಯಸ್ಸಿನ ಮಕ್ಕಳಿಗೆ ಜಾರುಬಂಡೆ ಹೇಗೂ ಇಲ್ಲ, ಅಜ್ಜಿಯ ಪಕ್ಕ ಇದ್ದರೆ ಸಾಕು.

ಎಷ್ಟು ಮುಂಚೆ ಬುಕ್ ಮಾಡಬೇಕು?

ಫ್ಯಾಮಿಲಿ ಕ್ಯಾಬಿನ್ ಬೇಕಾದರೆ ವರ್ಷದ ಮುಂಚೆ. ಪೂರ್ತಿ ಹಣ ಕಟ್ಟಲು ಸಾಮಾನ್ಯವಾಗಿ ಯಾನಕ್ಕೆ 90 ದಿನ ಮುಂಚಿನವರೆಗೆ ಸಮಯವಿರುತ್ತದೆ. ಅಲ್ಲಿಯವರೆಗೆ ವಾರಕ್ಕೊಮ್ಮೆ ದರ ನೋಡುತ್ತಿರಿ. ಅಮೆರಿಕದಲ್ಲಿ ಬುಕ್ ಮಾಡಿದ್ದು, ದರ ಇಳಿದಿದ್ದರೆ ಫೋನ್ ಮಾಡಿ ಕೇಳಿ, ಹೊಸ ದರಕ್ಕೆ ಬದಲಾಯಿಸಿಕೊಡುತ್ತಾರೆ. ಊರಿಂದ ಬರುವವರ ವೀಸಾ ಕೈಗೆ ಬರುವ ಮುಂಚೆ ಬುಕ್ ಮಾಡುವುದಾದರೆ ಮುಂಗಡ ವಾಪಸ್ ಬರುವ ದರವನ್ನೇ ಆರಿಸಿ. ನೂರು ಡಾಲರ್ ಕಡಿಮೆ ಅಂತ ವಾಪಸ್ ಬಾರದ ದರಕ್ಕೆ ಕೈಹಾಕಬೇಡಿ.